ಕಾರಿನ ಬಣ್ಣ, ಬಾನೆಟ್ ಮೇಲಿನ ಜೈಭೀಮ್ ಮತ್ತು ನಾನು ಮಾಡಿದ ತಪ್ಪುಗಳು



ಹೋದ ಭಾನುವಾರ ನಮ್ಮ ಕೆಂಪು ಆಲ್ಟೊ ಮಾರಿದೆ. ಕೊಂಡವರ ಜೊತೆ ನಿಂತು ತೆಗೆಸಿಕೊಂಡ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ. ಅದನ್ನ ನೋಡಿ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ರಿ. "ಅಣ್ಣ, ಬಾನೆಟ್ ಮೇಲಿದ್ದ ಬಾಬಾಸಾಹೇಬರು ಎಲ್ಲಿ?" ಒಬ್ಬ ಗೆಳೆಯ ಸುತ್ತಿಬಳಸದೆ ಬರೆದ: "ರೇಟು ಜಾಸ್ತಿ ಬರಲಿ ಅಂತ ಕಿತ್ತಾಕಿದ್ರಾ?"

ಹೌದು. ಕಿತ್ತಿದ್ದು ನಾನೇ. ರೇಟಿಗೋಸ್ಕರವೇ ಕಿತ್ತೆ. ಅದನ್ನ ಮುಚ್ಚಿಡೋಕೆ ಇಷ್ಟವಿಲ್ಲ. ಆದರೆ ಒಂದು ಸಾಲಲ್ಲಿ ಹೇಳಿ ಮುಗಿಸೋ ವಿಷಯವೂ ಅಲ್ಲ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಅದರಲ್ಲೂ ನಿಗಮದ ಸಾಲದಲ್ಲಿ ಟ್ಯಾಕ್ಸಿ ತಗೊಂಡಿರೋ ತಮ್ಮಂದಿರು ತಪ್ಪದೆ ಓದಿ, ನಿಮಗೆ ದುಡ್ಡು ಉಳಿಯೋ ಮಾತೂ ಇದರಲ್ಲಿದೆ.

ಕಾರು ತಗೊಂಡಿದ್ದು 2016ರಲ್ಲಿ. ಮೂರು ವರ್ಷ ಹಳೇದು, 2 ಲಕ್ಷ 40 ಸಾವಿರ. ನೀಲಿ ಬಣ್ಣದ್ದೇ ಬೇಕು ಅಂತ ಎರಡು ತಿಂಗಳು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು ಕೆಂಪು. ನಮ್ಮ ಎಡಪಂಥೀಯ ಗೆಳೆಯರು "ಕೊನೆಗೂ ದಾರಿಗೆ ಬಂದ್ರಲ್ಲ ಕಾಮ್ರೇಡ್" ಅಂತ ನಕ್ಕರು. ಅದಕ್ಕೇ ಬಾನೆಟ್ ತುಂಬ ನೀಲಿ ಸ್ಟಿಕರ್ ಕತ್ತರಿಸಿಸಿದೆ. ಮಧ್ಯದಲ್ಲಿ ಬಾಬಾಸಾಹೇಬರ ಮುಖ, ಕೆಳಗೆ ದೊಡ್ಡ ಅಕ್ಷರದಲ್ಲಿ ಜೈಭೀಮ್. ಆ ಕಾರು ಎಷ್ಟು ಸಭೆ ನೋಡಿದೆ, ಎಷ್ಟು ಪೊಲೀಸ್ ಸ್ಟೇಷನ್ ಮುಂದೆ ಕಾದು ನಿಂತಿದೆ, ಎಷ್ಟು ಹೆರಿಗೆಗೆ ಅರ್ಧರಾತ್ರಿಯಲ್ಲಿ ಓಡಿದೆ ಅನ್ನೋದು ನಿಮ್ಮಲ್ಲಿ ಹಲವರಿಗೆ ಗೊತ್ತು.

ನಮ್ಮಪ್ಪ ಮೇಲಿನ ಬೀದಿಗೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋಗ್ತಿದ್ದ. ಅದೇ ಬೀದಿಯಲ್ಲಿ ನಾನು ಮೊದಲನೇ ಸಲ ಕಾರು ತಗೊಂಡು ಹೋದಾಗ ಅಪ್ಪ ಪಕ್ಕದ ಸೀಟಲ್ಲಿದ್ದ. ಗಾಜು ಇಳಿಸು ಅಂದೆ, ಇಳಿಸಲಿಲ್ಲ. ಬೀದಿ ದಾಟೋ ತನಕ ಉಸಿರು ಬಿಗಿಹಿಡಿದು ಕೂತಿದ್ದ.

ವಾಹನ ಅನ್ನೋದು ನಮಗೆ ಯಾವತ್ತೂ ಬರೀ ವಾಹನ ಆಗಿಲ್ಲ. 1901ರಲ್ಲಿ ಬಾಲಕ ಭೀಮರಾವ್ ಅಪ್ಪನನ್ನ ನೋಡೋಕೆ ಅಂತ ಅಣ್ಣನ ಜೊತೆ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ, ಜಾತಿ ತಿಳಿದ ಮೇಲೆ ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳೋಕೆ ಒಪ್ಪಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು, ಎತ್ತಿನ ಗಾಡಿಯನ್ನ ಮಕ್ಕಳೇ ಹೊಡಕೊಂಡು ಹೋಗಬೇಕಾಯ್ತು. 1929ರಲ್ಲಿ, ಅಷ್ಟೊತ್ತಿಗೆ ಅವರು ಬ್ಯಾರಿಸ್ಟರ್, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವನು ಇವರನ್ನ ಕೂರಿಸಿಕೊಂಡು ಹೊಡೆಯಲ್ಲ ಅಂದ. ಗಾಡಿ ಹೊಡೆದು ಗೊತ್ತಿಲ್ಲದ ನಮ್ಮವರೊಬ್ಬರು ಹೊಡೆಯೋಕೆ ಹೋಗಿ ಬಾಬಾಸಾಹೇಬರು ಕೆಳಗೆ ಬಿದ್ದು ಕಾಲು ಮುರೀತು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಹಾಗಾಗಿ ಅವರ ಮುಖ ಹೊತ್ತ ಕಾರು ನನ್ನದೇ ಹೆಸರಲ್ಲಿ ಮನೆ ಮುಂದೆ ನಿಂತಾಗ ನನಗೆ ಏನನ್ನಿಸಿತ್ತು ಅಂತ ಬಿಡಿಸಿ ಹೇಳೋದು ಬೇಡ.

ನಾನು ಮಾಡಿದ ಮೊದಲನೇ ತಪ್ಪು ಇಲ್ಲಿಂದಲೇ ಶುರು.

ನಾನು ಕಾರನ್ನ ದಿನಾ ತೊಳೀತಿದ್ದೆ. ದಿನಾ ಅಂದ್ರೆ ದಿನಾ. ಬೆಳಿಗ್ಗೆ ಆರೂವರೆಗೆ ಬೋರ್‌ವೆಲ್ ನೀರು, ಪಾತ್ರೆ ತೊಳೆಯೋ ಸೋಪು, ಅಪ್ಪನ ಹಳೇ ಪಂಚೆ. ನೀರಿಲ್ಲದ ದಿನ ಒಣ ಬಟ್ಟೆಯಲ್ಲೇ ಗಸಗಸ ಒರೆಸ್ತಿದ್ದೆ. ಸಭೆಗೆ ಹೋದಾಗ ಹಳೇ ಡ್ರೈವರ್ ಒಬ್ಬರು ಹೇಳಿಕೊಟ್ಟರು ಅಂತ ಬಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಒರೆಸಿ ಮಿಂಚಿಸಿದ್ದೂ ಉಂಟು. ಯಾಕೆ ಅಷ್ಟೊಂದು ತೊಳೀತಿದ್ದೆ ಅಂತ ಆಗ ಕೇಳಿದ್ರೆ "ಕಾರು ಚೆನ್ನಾಗಿರಬೇಕಲ್ಲ" ಅಂತಿದ್ದೆ. ಈಗ ನಿಜ ಹೇಳ್ತೀನಿ. ಕೇರಿಯವರ ಕಾರು ಗಲೀಜು ಅಂತ ಯಾರಾದ್ರೂ ಅಂದುಬಿಟ್ಟಾರು ಅನ್ನೋ ಭಯ. ಮೇಲಿನ ಬೀದಿಯವರ ಕಾರಿಗೆ ಸಗಣಿ ಮೆತ್ತಿದ್ರೂ ಅದು ಬೇಸಾಯಗಾರರ ಗಾಡಿ. ನಮ್ಮದಕ್ಕೆ ಒಂದು ಕೆಸರಿನ ಚುಕ್ಕೆ ಕಂಡ್ರೂ ಅದಕ್ಕೆ ಬೇರೆ ಹೆಸರು. ಶಾಲೆಯಲ್ಲಿ ಇದ್ದ ಒಂದೇ ಬಿಳಿ ಅಂಗೀನ ದಿನಾ ರಾತ್ರಿ ಒಗೆದು ಹಾಕಿಕೊಳ್ತಿದ್ದ ಹುಡುಗ ನಾನು. ಅದೇ ಚಾಳಿ ಕಾರಿಗೂ ಬಂತು.

ಒರೆಸಿದ ಪಂಚೆ ಒಂದೊಂದು ಸಲ ತೆಳು ಕೆಂಪಾಗ್ತಿತ್ತು. ನಮ್ಮ ಕಡೆಯ ಕೆಂಪು ಮಣ್ಣು ಅಂದ್ಕೊಂಡಿದ್ದೆ. ಅದು ಮಣ್ಣಲ್ಲ, ಕಾರಿನ ಬಣ್ಣ ಅಂತ ಗೊತ್ತಾಗಿದ್ದು ಎಂಟು ವರ್ಷ ಆದ ಮೇಲೆ.

ಇನ್ನೊಂದು ಘಟನೆ 2019ರಲ್ಲಿ ನಡೀತು. ಪಕ್ಕದ ಊರಲ್ಲಿ ಏಪ್ರಿಲ್ 14ರ ಜಯಂತಿ. ಕಾರನ್ನ ಅರಳಿಕಟ್ಟೆ ಪಕ್ಕ ನಿಲ್ಲಿಸಿದ್ದೆ. ಭಾಷಣ ಮುಗಿಸಿ ಬಂದು ನೋಡ್ತೀನಿ, ಎಡಗಡೆಯ ಎರಡೂ ಬಾಗಿಲಿಗೆ ಒಂದೇ ಗೀಟು. ಮೊಳೆಯಲ್ಲಿ ಕೆರೆದಿದ್ದಾರೆ. ಮುಂದಿನ ಬಾಗಿಲಿಂದ ಹಿಂದಿನ ಬಾಗಿಲ ತನಕ, ಕೈ ಎತ್ತದೆ. ತಗಡು ಕಾಣ್ತಿತ್ತು. ಸ್ಟೇಷನ್ನಿಗೆ ಹೋದೆ. "ಹುಡುಗರು ಆಟ ಆಡಿರಬೇಕು ಬಿಡ್ರಿ, ನೋಡಿದವರು ಯಾರಿದ್ದಾರೆ?" ಅಂದ್ರು. ನೋಡಿದವರು ಇದ್ರು, ಹೇಳೋರು ಇರಲಿಲ್ಲ. ತಗಡು ಬಿಟ್ಟರೆ ತುಕ್ಕು ಹಿಡಿಯುತ್ತೆ ಅಂತ ಪೇಂಟಿಂಗ್ ಗ್ಯಾರೇಜಿನ ಭಾಯ್ ಹತ್ರ ಬಿಟ್ಟೆ. ಎರಡೂ ಬಾಗಿಲಿಗೆ ಪುಟ್ಟಿ ಎಳೆದು ಹೊಸ ಬಣ್ಣ ಹೊಡೆದು ಕೊಟ್ಟರು. "ಸಾರ್, ನಾನು ಎಷ್ಟೇ ಚೆನ್ನಾಗಿ ಹೊಡೆದ್ರೂ ಕಂಪನಿ ಬಣ್ಣ ಕಂಪನಿ ಬಣ್ಣಾನೇ. ಮಾರೋವಾಗ ಕೇಳ್ತಾರೆ, ನೆನಪಿರಲಿ" ಅಂತ ಆಗಲೇ ಹೇಳಿದ್ರು.

ಮೂರನೇದು ನಮ್ಮವ್ವನ ಕುಂಕುಮ. ನನಗೆ ವಿಜಯದಶಮಿ ಅಂದ್ರೆ 1956ರ ಅಕ್ಟೋಬರ್ 14, ನಾಗಪುರದಲ್ಲಿ ಬಾಬಾಸಾಹೇಬರು ಬುದ್ಧನ ದಾರಿ ಹಿಡಿದ ದಿನ. ಅವ್ವನಿಗೆ ಅದರ ಹಿಂದಿನ ದಿನದ ಆಯುಧಪೂಜೆ. ನಾನು ಮನೇಲಿಲ್ಲದ ಹೊತ್ತು ನೋಡಿ ಬಾನೆಟ್ ತುಂಬ ಅರಿಶಿನ ಕುಂಕುಮ ಬಳಿದು, ಚೆಂಡು ಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿರೋಳು. ಮೂರು ದಿನ ಬಿಸಿಲಲ್ಲಿ ಹಾಗೇ ಇದ್ದ ಕುಂಕುಮ ಕೆಂಪು ಬಣ್ಣದ ಮೇಲೂ ಕರೆ ಬಿಟ್ಟಿತು. ಒಂದು ವರ್ಷ ಜೋರು ಮಾಡಿದೆ, "ಅವ್ವ, ಬಣ್ಣ ಹಾಳಾಗುತ್ತೆ ಕಣವ್ವ." ಅವ್ವ ಅಂದ್ಲು: "ನಿನ್ನ ಸ್ಟಿಕರ್ ವರ್ಷಪೂರ್ತಿ ಬಿಸಿಲಲ್ಲಿ ಅಂಟಿಕೊಂಡಿದ್ರೆ ಏನೂ ಆಗಲ್ವಂತೆ, ನನ್ನ ಚಿಟಿಕೆ ಕುಂಕುಮಕ್ಕೆ ಕಾರು ಹಾಳಾಗುತ್ತಂತೆ." ಆಗ ನಕ್ಕು ಸುಮ್ಮನಾದೆ. ಅವ್ವನ ಮಾತಲ್ಲಿ ಲೆಕ್ಕ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಈ ವರ್ಷ ಮಗಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ತು. ಫೀ ಮರುಪಾವತಿ ಬರೋದು ಯಾವಾಗಲೋ, ಕಾಲೇಜು ಕೇಳೋದು ಈಗ. ಕಾರು ಮಾರೋದು ಅಂತ ತೀರ್ಮಾನ ಆಯ್ತು. ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಯೊಂದಕ್ಕೆ ತಗೊಂಡು ಹೋದೆ. ಇಂಜಿನ್ ಸ್ಟಾರ್ಟ್ ಮಾಡಿ ನೋಡಿದ್ರು, ಚೆನ್ನಾಗಿದೆ ಅಂದ್ರು. ಆಮೇಲೆ ಮೊಬೈಲಿಗಿಂತ ಚಿಕ್ಕದೊಂದು ಮಿಷನ್ ತಂದು ಕಾರಿನ ಮೈಮೇಲೆ ಅಲ್ಲಲ್ಲಿ ಇಡ್ತಾ ಹೋದ್ರು. ಬಣ್ಣ ಎಷ್ಟು ದಪ್ಪ ಇದೆ ಅಂತ ಮೈಕ್ರಾನ್ ಲೆಕ್ಕದಲ್ಲಿ ತೋರಿಸೋ ಗೇಜು ಅದು. ಟಾಪ್ ಮೇಲೆ 100ರ ಹತ್ತಿರ. ಬಾನೆಟ್ ಮೇಲೆ 85. ಎಡಗಡೆ ಬಾಗಿಲ ಮೇಲೆ 400 ದಾಟಿತು.

"ಆಕ್ಸಿಡೆಂಟ್ ಆಗಿದೆಯಾ ಸಾರ್?"

"ಇಲ್ಲ. ಯಾರೋ ಮೊಳೆಯಲ್ಲಿ ಕೆರೆದಿದ್ರು."

"ಯಾಕೆ ಕೆರೆದ್ರು?"

ಏನು ಹೇಳೋದು? ಆತ ನನ್ನ ಉತ್ತರಕ್ಕೆ ಕಾಯಲಿಲ್ಲ, ಹಾಳೆ ಮೇಲೆ ಬರೆದ. 1 ಲಕ್ಷ 60 ಸಾವಿರದಿಂದ ಶುರು. ಬಾಗಿಲು ರೀಪೇಂಟ್, 15 ಸಾವಿರ ಕಡಿತ. ಬಾನೆಟ್ ಮತ್ತು ಟಾಪ್ ಬಣ್ಣ ಮಾಸಿದೆ, 12 ಸಾವಿರ ಕಡಿತ. ಸ್ಟಿಕರ್, 8 ಸಾವಿರ ಕಡಿತ. ಉಳಿದಿದ್ದು 1 ಲಕ್ಷ 25 ಸಾವಿರ.

ಸ್ಟಿಕರ್‌ಗೆ ಯಾಕೆ ಎಂಟು ಸಾವಿರ ಅಂತ ಕೇಳಿದೆ. "ಕಿತ್ತರೆ ಕಲೆ ಉಳಿಯುತ್ತೆ ಸಾರ್. ಕೀಳದೆ ಇದ್ರೆ ಯಾರೂ ತಗೊಳ್ಳಲ್ಲ." ಪಕ್ಕದಲ್ಲೇ ಒಂದು ದೊಡ್ಡ ಕಾರು ನಿಂತಿತ್ತು. ಅದರ ಬಾನೆಟ್ ಮೇಲೂ ಒಂದು ಹೆಸರು, ಅದೂ ಒಂದು ಜಾತಿಯದ್ದೇ. "ಅದಕ್ಕೆಷ್ಟು ಕಡಿತ ಮಾಡಿದ್ರಿ?" ಅಂದೆ. ಆತ ಅತ್ತ ನೋಡಿ, "ಅದು ಬೇರೆ ಬಿಡಿ ಸಾರ್" ಅಂದ. ಸಿಟ್ಟು ಮಾಡಿಕೊಂಡು ಹೇಳಿದ್ದಲ್ಲ. ಅವಮಾನ ಮಾಡಬೇಕು ಅಂತಲೂ ಅಲ್ಲ. ಈರುಳ್ಳಿ ರೇಟು ಹೇಳಿದ ಹಾಗೆ ಹೇಳಿದ.

ಮನೆಗೆ ವಾಪಸ್ ಬಂದು ತಮ್ಮನಿಗೆ ಫೋನ್ ಮಾಡಿದೆ. ಚಿಕ್ಕಪ್ಪನ ಮಗ. ಮೊದಲು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಕಾರು ತೊಳೀತಿದ್ದ, ಈಗ ಒಂದು ಡೀಟೇಲಿಂಗ್ ಅಂಗಡಿಯಲ್ಲಿ ಕೆಲಸ. ಅವನ ಇಡೀ ಜೀವಮಾನದ ಸಂಬಳಕ್ಕಿಂತ ಜಾಸ್ತಿ ಬೆಲೆಯ ಕಾರುಗಳಿಗೆ ಕೋಟಿಂಗ್ ಹಾಕ್ತಾನೆ. ಎರಡು ದಿನ ರಜೆ ಹಾಕಿ ಬಂದ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಬಿಟ್ಟು ತೋರಿಸಿದ. ಬೆಳಕಿನ ಸುತ್ತ ಜೇಡರ ಬಲೆ ಥರ ಸಾವಿರಾರು ಸಣ್ಣ ಗೀಟು.

"ಅಣ್ಣ, ಮೊಳೆಯಲ್ಲಿ ಕೆರೆದೋನು ಒಂದು ಗೀಟು ಹಾಕಿದ. ಉಳಿದಿದ್ದೆಲ್ಲ ನೀನೇ ಹಾಕಿರೋದು."

ಅವನು ಹೇಳಿಕೊಟ್ಟಿದ್ದನ್ನ ಇಲ್ಲಿ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗಲಿ.

ಕಾರಿನ ಬಣ್ಣ ಅಂದ್ರೆ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯೋ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಗಾಜಿನ ಥರದ ಕ್ಲಿಯರ್ ಕೋಟ್. ಎಲ್ಲಾ ಸೇರಿ ಸುಮಾರು 100 ಮೈಕ್ರಾನ್ ಆಸುಪಾಸು, ಹೆಚ್ಚೂಕಡಿಮೆ ಒಂದು ಹಾಳೆಯ ದಪ್ಪ. ಹಳೇ ಚಿಕ್ಕ ಕಾರುಗಳ ಕೆಲವು ಸಾದಾ ಬಣ್ಣಗಳಲ್ಲಿ ಕ್ಲಿಯರ್ ಕೋಟೇ ಇರಲ್ಲ. ಒರೆಸೋ ಬಟ್ಟೆಗೆ ಬಣ್ಣ ಹತ್ತುತ್ತೆ ಅಂದ್ರೆ ನಿಮ್ಮದು ಅಂಥದ್ದೇ. ರಬ್ಬಿಂಗ್, ಪಾಲಿಶ್ ಅಂತ ವರ್ಷ ವರ್ಷ ಮಾಡಿಸಿದ್ರೆ ಹೊಳಪೇನೋ ಬರುತ್ತೆ, ಆದರೆ ಪ್ರತಿ ಸಲ ಆ ಹಾಳೆಯನ್ನೇ ಸ್ವಲ್ಪ ಸ್ವಲ್ಪ ಸವೆಸಿದ ಹಾಗೆ.

ಒಣ ಧೂಳನ್ನ ಯಾವತ್ತೂ ಬಟ್ಟೆಯಲ್ಲಿ ಒರೆಸಬೇಡಿ. ಧೂಳು ಅಂದ್ರೆ ಕಲ್ಲಿನ ಪುಡಿ. ಮೊದಲು ಬರೀ ನೀರು ಹೊಯ್ದು ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋ ನೀರು. ಮೇಲಿಂದ ಕೆಳಕ್ಕೆ ತೊಳೀಬೇಕು, ಚಕ್ರದ ಬಟ್ಟೆ ಬೇರೆ ಇರಬೇಕು. ಪಂಚೆ, ಬನಿಯನ್ ಬೇಡ, ಮೈಕ್ರೋಫೈಬರ್ ಬಟ್ಟೆ ತಗೊಳ್ಳಿ. ಪಾತ್ರೆ ಸೋಪು, ಬಟ್ಟೆ ಒಗೆಯೋ ಪುಡಿ ಮೇಲಿನ ವ್ಯಾಕ್ಸನ್ನ ಕಿತ್ತು ಹಾಕುತ್ತೆ. ಡೀಸೆಲ್ ಹೊಳಪು ಒಂದು ಗಂಟೆಯದ್ದು, ಆಮೇಲೆ ಧೂಳನ್ನೆಲ್ಲ ಎಳ್ಕೊಳ್ಳುತ್ತೆ, ಬಾಗಿಲಿನ ರಬ್ಬರ್ ಬೀಡಿಂಗನ್ನೂ ತಿನ್ನುತ್ತೆ.

ನಮ್ಮ ಬಯಲುಸೀಮೆಯ ಬೋರ್ ನೀರು ಗಡಸು. ಬಿಸಿಲಲ್ಲಿ ತೊಳೆದು ಹಾಗೇ ಆರಲು ಬಿಟ್ಟರೆ ಬಿಳಿ ಚುಕ್ಕೆ ಕೂತುಬಿಡುತ್ತೆ. ನೆರಳಲ್ಲಿ ತೊಳೆದು ತಕ್ಷಣ ಒರೆಸಿ. ಹಕ್ಕಿ ಹಿಕ್ಕೆ ಬಿದ್ರೆ ಸಂಜೆ ತನಕ ಬಿಡಬೇಡಿ, ಅದರಲ್ಲಿ ಆಮ್ಲ ಇರುತ್ತೆ, ಬಿಸಿಲಿಗೆ ಬಣ್ಣದೊಳಕ್ಕೆ ಇಳಿಯುತ್ತೆ. ಒದ್ದೆ ಬಟ್ಟೆ ಹತ್ತು ನಿಮಿಷ ಅದರ ಮೇಲೆ ಹಾಕಿ ನೆನೆಸಿ ಎತ್ತಿ, ಉಜ್ಜಬೇಡಿ. ಮರದ ಅಂಟು, ಕುಂಕುಮ, ಅರಿಶಿನ, ಹೂವಿನ ರಸ ಕೂಡ ಅಷ್ಟೇ, ಅವತ್ತೇ ತೊಳೀಬೇಕು. ಧೂಳು ಇರುವಾಗ ಕವರ್ ಹಾಕಬೇಡಿ, ಗಾಳಿಗೆ ಅದೇ ಉಪ್ಪುಕಾಗದ ಆಗುತ್ತೆ.

ಎರಡು ಮೂರು ತಿಂಗಳಿಗೊಮ್ಮೆ ನೀವೇ ವ್ಯಾಕ್ಸ್ ಹಚ್ಚಿ. ಒಂದು ಡಬ್ಬಿ ಒಂದು ವರ್ಷಕ್ಕೂ ಜಾಸ್ತಿ ಬರುತ್ತೆ. ಸೆರಾಮಿಕ್ ಕೋಟಿಂಗ್ ಹಾಕಿಸ್ಲಾ ಅಂತ ಕೇಳಿದೆ. ಅದನ್ನೇ ಮಾರೋ ಅಂಗಡಿಯ ಹುಡುಗ ಹೇಳ್ತಾನೆ: "ಸುಮ್ನಿರಣ್ಣ. ಅದು ನೀರು ನಿಲ್ಲದ ಹಾಗೆ ಮಾಡುತ್ತೆ, ಹೊಳಪು ಕೊಡುತ್ತೆ, ಮೊಳೆಗೀಟು ತಡೆಯಲ್ಲ. ಗೀಟು ತಡೆಯೋದು ಪಿಪಿಎಫ್ ಅನ್ನೋ ದಪ್ಪ ಫಿಲ್ಮು, ಅದನ್ನ ಇಡೀ ಕಾರಿಗೆ ಹಾಕಿಸೋ ದುಡ್ಡಲ್ಲಿ ನಿನ್ನ ಕಾರಿನ ಅರ್ಧ ಬರುತ್ತೆ." ಹೊಸ ಕಾರು ತಗೊಳ್ಳೋವಾಗ ಶೋರೂಮಲ್ಲಿ ಕೋಟಿಂಗ್ ಅಂತ ಬಿಲ್ಲಿಗೆ ಸೇರಿಸೋಕೆ ಬಂದ್ರೆ, ಮಾರುವಾಗ ಇದರಿಂದ ನನಗೆ ಎಷ್ಟು ವಾಪಸ್ ಬರುತ್ತೆ ಅಂತ ಒಂದು ಸಲ ಲೆಕ್ಕ ಹಾಕಿ.

ಸಣ್ಣಪುಟ್ಟ ಗೀಟಿಗೆ ಇಡೀ ಬಾಗಿಲು ಪೇಂಟ್ ಮಾಡಿಸಬೇಡಿ. ಕಲ್ಲು ಸಿಡಿದು ತಗಡು ಕಂಡ್ರೆ ಕಾರಿನ ಬಣ್ಣದ ಕೋಡ್ ನೋಡಿ ಟಚ್ಅಪ್ ಪೆನ್ ತಂದು ಅಷ್ಟಕ್ಕೇ ಹಚ್ಚಿ, ತುಕ್ಕು ನಿಲ್ಲುತ್ತೆ. ಕಂಪನಿ ಬಣ್ಣದ ಮೇಲಿನ ಚಿಕ್ಕ ಗೀಟಿಗೆ ಅಂಗಡಿಯವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ, ರೀಪೇಂಟ್ ಕಂಡ್ರೆ ಆಕ್ಸಿಡೆಂಟ್ ಕಾರು ಅಂತ ಅನುಮಾನ ಪಡ್ತಾರೆ. ದೊಡ್ಡ ಪೇಂಟ್ ಮಾಡಿಸಲೇಬೇಕಾದ್ರೆ ಮೊದಲೇ ಫೋಟೋ ತೆಗೆದು ಬಿಲ್ ಇಟ್ಟುಕೊಳ್ಳಿ. ನನ್ನ ಹತ್ರ ಆ ಮೊಳೆಗೀಟಿನ ಒಂದು ಫೋಟೋ ಇರಲಿಲ್ಲ. ಬೇರೆಯವರ ಮೇಲಾದ ದೌರ್ಜನ್ಯಕ್ಕೆ ದಾಖಲೆ ಮಾಡ್ಕೊಳ್ಳಿ ಅಂತ ಊರೂರು ಸುತ್ತಿ ಹೇಳೋನು ನಾನು.

ಇನ್ನು ಸ್ಟಿಕರ್.

ಅಂಗಡಿಯವನ ಹುಡುಗ ಬ್ಲೇಡಲ್ಲಿ ಕೆರೆದು ಕಸದ ಬುಟ್ಟಿಗೆ ಹಾಕೋದನ್ನ ಊಹೆ ಮಾಡ್ಕೊಂಡೆ. ಅದಕ್ಕಿಂತ ನಾನೇ ತೆಗೆಯೋದು ಅಂತ ಗಟ್ಟಿ ಮಾಡಿದೆ. ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ತಮ್ಮ ಮಗಳ ಹೇರ್ ಡ್ರೈಯರ್ ತಗೊಂಡು ಬಿಸಿ ಗಾಳಿ ಬಿಟ್ಟ, ನಾನು ಉಗುರಲ್ಲಿ ಅಂಚು ಎಬ್ಬಿಸಿ ನಿಧಾನಕ್ಕೆ ಮಡಚಿ ಎಳೀತಾ ಹೋದೆ. ಎಂಟು ವರ್ಷದ ಬಿಸಿಲಿಗೆ ನೀಲಿ ಬೂದಿಯಾಗಿತ್ತು. ತುಂಡು ತುಂಡಾಗಿ ಬಂತು. ಉಳಿದ ಅಂಟನ್ನ ನೀಲಗಿರಿ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ತೆಗೆದ್ವಿ. ಅವ್ವ ಜಗುಲಿ ಮೇಲೆ ಕೂತು ನೋಡ್ತಿದ್ಲು, ಒಂದು ಮಾತೂ ಆಡಲಿಲ್ಲ. ಬಂದ ತುಂಡುಗಳನ್ನೆಲ್ಲ ಆರಿಸಿ ಒಂದು ಕವರ್‌ಗೆ ಹಾಕಿ ಒಳಗೆ ತಗೊಂಡು ಹೋದಳು.

ತೊಳೆದು ನೋಡಿದಾಗ ಬಾನೆಟ್ ಮೇಲೆ ಜೈಭೀಮ್ ಹಾಗೇ ಇತ್ತು. ಸ್ಟಿಕರ್ ಮುಚ್ಚಿದ್ದ ಜಾಗಕ್ಕೆ ಬಿಸಿಲು ತಾಗಿರಲಿಲ್ಲ, ನನ್ನ ಪಂಚೆಯೂ ತಾಗಿರಲಿಲ್ಲ. ಅಲ್ಲಿ ಬಣ್ಣ ಹೊಸದರ ಹಾಗೆ ಕಡುಗೆಂಪು. ಸುತ್ತ ಎಲ್ಲ ಮಾಸಲು. ಬಾಬಾಸಾಹೇಬರ ಕನ್ನಡಕದ ಅಂಚು ಕೂಡ ಗುರುತು ಸಿಗ್ತಿತ್ತು. ತಮ್ಮ ಅಂದ: "ಅಣ್ಣ, ನಿನ್ನ ಕಾರಲ್ಲಿ ಕೆಟ್ಟಿಲ್ಲದ ಬಣ್ಣ ಇರೋದು ಇಷ್ಟೇ." ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತ್ವಿ. ಆಮೇಲೆ ಅವನು ಮಿಷನ್ ಹಿಡಿದು ಸುತ್ತಲಿನ ಬಣ್ಣವನ್ನ ಹುಷಾರಾಗಿ ಪಾಲಿಶ್ ಮಾಡಿ ಆದಷ್ಟು ಮಟ್ಟಕ್ಕೆ ತಂದ. ಪೂರ್ತಿ ಹೋಗಲಿಲ್ಲ. ನೆಟ್ಟ ಬಿಸಿಲಲ್ಲಿ ಓರೆಯಾಗಿ ನಿಂತು ನೋಡಿದ್ರೆ ಅಕ್ಷರ ಕಾಣ್ತಿತ್ತು.

ಅಂಗಡಿಗೆ ಮತ್ತೆ ಹೋಗಲಿಲ್ಲ. ಗೆಳೆಯರೊಬ್ಬರ ಮೂಲಕ ಒಬ್ಬ ಮೇಷ್ಟ್ರು ಬಂದು ನೋಡಿದ್ರು. ಬಾಗಿಲಿನ ವಿಷಯ ನಾನೇ ಮೊದಲು ಹೇಳಿದೆ, ಯಾಕೆ ಕೆರೆದ್ರು ಅನ್ನೋದನ್ನೂ ಹೇಳಿದೆ. ಅವರು ಅದಕ್ಕೇನೂ ಅನ್ನಲಿಲ್ಲ, ರೇಟಿನಲ್ಲಿ ಮಾತ್ರ ಚೌಕಾಸಿ ಮಾಡಿದ್ರು. 1 ಲಕ್ಷ 42 ಸಾವಿರಕ್ಕೆ ಮುಗೀತು. ಅವರ ಜಾತಿ ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ. ಅಂಗಡಿ ರೇಟಿಗಿಂತ 17 ಸಾವಿರ ಜಾಸ್ತಿ. ಖರ್ಚಾಗಿದ್ದು ವ್ಯಾಕ್ಸು, ಪಾಲಿಶ್ ಸಾಮಾನು ಸೇರಿ 1,500 ರೂಪಾಯಿ, ತಮ್ಮನ ಎರಡು ದಿನದ ಸಂಬಳ. ಸಂಬಳ ಕೊಡೋಕೆ ಹೋದ್ರೆ ಬೈದ. ಮಾರನೇ ದಿನ ಫೀ ಕಟ್ಟಿದ್ವಿ.

ಬಾಬಾಸಾಹೇಬರನ್ನ ಎಂಟು ಸಾವಿರಕ್ಕೆ ಮಾರಿದ್ರಿ ಅಂತ ನೀವು ಅಂದ್ರೆ ನಾನು ಜಗಳಕ್ಕೆ ಬರಲ್ಲ. ಆ ಮಾತನ್ನ ನನಗೆ ನಾನೇ ಆಗಲೇ ಅಂದುಕೊಂಡಿದ್ದೀನಿ. ಆದರೆ ಮಗಳ ಫೀ ಕಟ್ಟಿದ ರಸೀದಿ ನೋಡಿದಾಗ ಅನ್ನಿಸ್ತು, ಶಿಕ್ಷಣ ಅನ್ನೋ ಮಾತನ್ನ ಮೊದಲು ಹೇಳಿದವರು ಅವರೇ ಅಲ್ವಾ. ನನ್ನನ್ನ ಈಗಲೂ ಚುಚ್ಚೋದು ಸ್ಟಿಕರ್ ಕಿತ್ತಿದ್ದಲ್ಲ. "ಅದು ಬೇರೆ ಬಿಡಿ ಸಾರ್" ಅನ್ನೋ ಮಾತಿಗೆ ಅವತ್ತು ಅಂಗಡಿಯಲ್ಲಿ ನಾನು ಏನೂ ಉತ್ತರ ಕೊಡದೆ ಬಂದಿದ್ದು. ವೇದಿಕೆ ಮೇಲೆ ಒಂದು ಗಂಟೆ ಮಾತಾಡೋ ನನಗೆ ಅಲ್ಲಿ ಒಂದು ಮಾತು ಬರಲಿಲ್ಲ. ಫೀ ಕಟ್ಟೋ ಕೊನೇ ದಿನಾಂಕ ಬಾಯಿ ಕಟ್ಟಿತ್ತು.

ತಮ್ಮಂದಿರೇ, ಐರಾವತ ಯೋಜನೆಯಲ್ಲೋ, ಬ್ಯಾಂಕ್ ಸಾಲದಲ್ಲೋ ಗಾಡಿ ತಗೊಂಡಿದ್ದೀರಿ. ನಮ್ಮಲ್ಲಿ ಬಹಳ ಜನಕ್ಕೆ ಮಾರೋಕೆ ಜಮೀನಿಲ್ಲ, ಸೈಟಿಲ್ಲ. ಕಷ್ಟಕ್ಕೆ ಅಂತ ಇರೋದು ಆ ಗಾಡಿ ಒಂದೇ. ಅದರ ಬೆಲೆ ದಿನಾ ಇಳೀತಾ ಹೋಗುತ್ತೆ, ನಾವಾಗಿಯೇ ಇನ್ನಷ್ಟು ಇಳಿಸೋದು ಬೇಡ. ಗಾಡೀನ ಚೆನ್ನಾಗಿ ನೋಡ್ಕೊಳ್ಳಿ, ಆದರೆ ಯಾರೋ ಏನೋ ಅಂದಾರು ಅಂತ ಹೆದರಿ ಉಜ್ಜಬೇಡಿ. ಉಜ್ಜಿದಷ್ಟೂ ಸವೆಯೋದು ನಮ್ಮದೇ.

ಬಾಬಾಸಾಹೇಬರನ್ನ ಖಂಡಿತ ಅಂಟಿಸಿ. ಬಣ್ಣದ ಮೇಲೆ ಬೇಡ, ಹಿಂದಿನ ಗಾಜಿನ ಮೂಲೆಗೆ, ರಸ್ತೆ ಕಾಣೋಕೆ ಅಡ್ಡ ಆಗದ ಹಾಗೆ ಅಂಟಿಸಿ. ಗಾಜಿಗೆ ಕಲೆ ಉಳಿಯಲ್ಲ. ಮಾರೋ ದಿನ ಹುಷಾರಾಗಿ ತೆಗೆದು, ಮುಂದಿನ ಗಾಡಿಗೆ ಹೊಸದು ಹಾಕಿ.

ನಾನು ಸದ್ಯಕ್ಕೆ ಬಸ್ಸಲ್ಲಿ ಓಡಾಡ್ತಿದ್ದೀನಿ. ಈ ತಿಂಗಳ ಸಭೆಗಳಿಗೆ ಆ ಕಡೆಯಿಂದ ಬರೋರು ಯಾರಾದ್ರೂ ಇದ್ರೆ ಒಂದು ಸೀಟು ಇಟ್ಟಿರಿ. ಹತ್ತೋಕೆ ಮುಂಚೆ ಚಪ್ಪಲಿ ಧೂಳು ಕೊಡವ್ತೀನಿ.

ಜೈಭೀಮ್.